ಮೂಡಲ ಮೈಯ ಹಾಲ್ಮಡ್ಡಿ

ಹೆಗ್ಗಡದೇವನಕೋಟೆಯಿಂದ ಕಾಡಿನ ಕಡೆಗೆ ಹೋಗುವ ಬಸ್ಸು ಕೊನೆಗೆ ತಿರುಗಿಕೊಳ್ಳುವ ಊರು ನಮ್ಮದು. ಅಲ್ಲಿಂದಾಚೆಗೆ ರಸ್ತೆಗೂ ಆಸಕ್ತಿ ಇಲ್ಲ. ಊರ ಅಂಚಿನಲ್ಲಿ ಬಸವಣ್ಣನ ಗುಡಿ. ಗುಡಿಯ ಪಡುವಣಕ್ಕೆ ಒಂದು ಹಾಲ್ಮಡ್ಡಿ ಮರ, ಮರಕ್ಕೂ ಪಡುವಣಕ್ಕೆ ನನ್ನ ಸೋದರತ್ತೆಯ ಹೆಂಚಿನ ಮನೆ. ಮರವನ್ನು ಯಾರೂ ನೆಟ್ಟದ್ದಲ್ಲ. ಕಾಡು ಹಿಂದೆ ಸರಿಯುವಾಗ ಮರೆತುಹೋದ ಸಾಮಾನು.

ಅದರ ತೊಗಟೆ ಕೆತ್ತಿದರೆ ಹಾಲಿನಂಥ ಅಂಟು ಒಸರುತ್ತದೆ. ಗಟ್ಟಿಯಾದ ಮೇಲೆ ಕೆರೆದು ತಂದು ಕೆಂಡಕ್ಕೆ ಉದುರಿಸಿದರೆ ಬಸವಣ್ಣನಿಗೆ ಧೂಪ. ಈ ಕೆಲಸಕ್ಕೆ ಹಿರಿಯರು ಒಂದು ಕಟ್ಟಳೆ ಮಾಡಿಟ್ಟಿದ್ದರು. ಮಚ್ಚು ಬೀಳಬೇಕಾದದ್ದು ಮರದ ಮೂಡಲ ಮೈಗೆ ಮಾತ್ರ, ಅಂದರೆ ದೇವರಿಗೆ ಕಾಣುವ ಕಡೆಗೆ. ಹಿಂಬದಿಯ ಹಾಲು ಬೆನ್ನು ತಿರುಗಿಸಿ ಮಾಡಿದ ನಮಸ್ಕಾರವಿದ್ದಂತೆ, ಸಲ್ಲುವುದಿಲ್ಲ. ಈ ಮಹಾಶಾಸನವನ್ನು ಹೊರಡಿಸಿದವರು ಯಾರೋ ತಿಳಿಯದು. ಮರದ ಅಭಿಪ್ರಾಯವನ್ನಂತೂ ಕೇಳಿರಲಾರರು.

ಹೀಗೆ ತಲೆಮಾರುಗಳಿಂದ ಒಂದೇ ಕಡೆ ಕೆತ್ತಿಸಿಕೊಂಡ ಮರ ಒಂದೇ ಕಡೆ ಬೆಳೆಯಿತು. ಗಾಯದ ಅಂಚಿನ ತೊಗಟೆ ತುಟಿಯಂತೆ ಉಬ್ಬಿ ಮುಚ್ಚಿಕೊಳ್ಳಲು ನೋಡುತ್ತಿತ್ತು. ಅಷ್ಟರಲ್ಲಿ ಮುಂದಿನ ಹಬ್ಬ, ಮುಂದಿನ ಮಚ್ಚು. ಆ ಮೈ ದಪ್ಪವಾಗುವುದನ್ನೇ ಬಿಟ್ಟಿತು. ಅದರ ಮೇಲಿನ ಕೊಂಬೆಗಳು ಒಂದೊಂದಾಗಿ ಒಣಗಿದವು. ಪಡುವಣ ಮೈ ಮಾತ್ರ ಮದುವೆಯೂಟ ಉಂಡವರ ಹಾಗೆ ತುಂಬಿಕೊಂಡು, ಹಸಿರೆಲ್ಲ ಅತ್ತೆಯ ಹೆಂಚಿನ ಮೇಲೆ ವಾಲಿತು.

ಹೋದ ವರ್ಷ ಮುಂಗಾರಿಗೆ ಮುಂಚೆ ಊರಿಗೆ ಹೋದವನು ಆ ಹಳೆಯ ಗಾಯದೊಳಕ್ಕೆ ಕೈ ಹಾಕಿ ನೋಡಿದೆ. ಮೊಣಕೈವರೆಗೂ ಹೋಯಿತು. ಹೊರತೆಗೆದಾಗ ಬೆರಳ ತುಂಬ ಕಂದು ಹಿಟ್ಟು, ಅದರಲ್ಲಿ ಗೆದ್ದಲು. ನೇರವಾಗಿ ಅತ್ತೆಯ ಅಡುಗೆಮನೆಗೆ ನಡೆದೆ.

"ಅತ್ತೆ, ಮಳೆಗಾಲ ಕಳೆಯೋಗಂಟ ನಮ್ಮನೇಲಿ ಇರು ಬಾ."

"ಯಾಕ್ಲಾ, ನನ್ ಮನೆಗೇನ್ ಬಂದದೆ?"

"ಮರ ಟೊಳ್ಳಾಗದೆ."

"ದೇವ್ರಿಗೆ ಹಾಲು ಕೊಟ್ಟಿರೋ ಮರ ಕಣ್ಲಾ ಅದು. ಬಿದ್ರೂ ದೇವ್ರ ಕಡೀಕೇ ಬೀಳ್ತದೆ, ಅಡ್ಡ ಬಿದ್ದಂಗೆ."

"ಭಾರವೆಲ್ಲ ನಿನ್ ತಲೆ ಮೇಲದಲ್ಲ ಅತ್ತೆ."

"ಚಿಕ್ಕಂದಿಂದ್ಲೂ ನೀನೂ ನನ್ ತಲೆ ಮೇಲೇ ಕುಂತಿದ್ದೆ. ನಾನೇನ್ ಸತ್ತೋದ್ನಾ?"

ಕೊನೆಗೆ ಗುಡಿಯ ಜಗಲಿಯ ಮೇಲೆ ಹಿರಿಯರು ಸೇರಿದರು. ಮರ ವಾಲಿದೆಯೆಂಬುದನ್ನು ಎಲ್ಲರೂ ಗಂಭೀರವಾಗಿ ಒಪ್ಪಿದರು. ಒಪ್ಪುವಾಗ ತಲೆಯನ್ನೂ ಅದೇ ಕಡೆಗೆ ವಾಲಿಸಿದ್ದರು. ದೇವರ ಮರವಾದ್ದರಿಂದ ಕಡಿಯುವ ಮಾತೇ ಇರಲಿಲ್ಲ. ಅತ್ತೆ ಮನೆ ಬಿಡುವ ಮಾತೂ ಇರಲಿಲ್ಲ. ಆಗ ಗುಡ್ಡಪ್ಪ, ಅಂದರೆ ಗುಡಿಯ ಪೂಜಾರಿ, ಎಲೆಯಡಿಕೆ ಉಗುಳಿ ಬಂದು ತೀರ್ಪು ಕೊಟ್ಟ.

"ಒಂದ್ ಕಡೆ ಕೆತ್ತಿದ್ಕೆ ವಾಲ್ತು ಅಂತೀರಿ. ಸರಿ. ಇನ್ನೊಂದ್ ಕಡೀನೂ ಕೆತ್ತುವ. ಸಮ ಆಯ್ತದೆ."

"ಸುತ್ತ ಕೆತ್ತುದ್ರೆ ಮರ ನಿಂತಂಗೇ ಒಣಗೋಯ್ತದಲ್ಲ, ಗುಡ್ಡಪ್ಪೋರೆ," ಎಂದೆ.

"ಸುತ್ತ ಯಾರಂದ್ರು? ಎಲ್ಡ್ ಕಡೆ ಅಂದೆ. ಓದ್ದೋರಿಗೆ ಎದ್ರಿಕೆ ಜಾಸ್ತಿ ಕಣ್ರೀ."

ಜಗಲಿ ನಕ್ಕಿತು. ಕಟ್ಟಳೆಗೆ ತಿದ್ದುಪಡಿಯಾಯಿತು. ಧೂಪಕ್ಕೆ ಇನ್ನು ಕೊರತೆಯಿಲ್ಲವೆಂದು ಎಲ್ಲರಿಗಿಂತ ಮೊದಲು ತಲೆಯಾಡಿಸಿದವಳು ನಮ್ಮತ್ತೆ.

ಹಿಂದೆಂದೂ ಮಚ್ಚು ಕಾಣದಿದ್ದ ಪಡುವಣ ಮೈ ಧಾರಾಳವಾಗಿ ಸುರಿಯಿತು. ಮರ ಸಂತೋಷದಿಂದ ಕೊಡುತ್ತಿದೆ ಎಂದರು. ಗಾಯವಾದಷ್ಟೂ ಮರ ಅಂಟು ಸುರಿಸುವುದು ಗಾಯ ಮುಚ್ಚಿಕೊಳ್ಳುವುದಕ್ಕೆ ಎಂದು ನಾನು ಹೇಳಿದ್ದು ಗುಡಿಯ ಹೊಗೆಯಲ್ಲಿ ಯಾರಿಗೂ ಕಾಣಿಸಲಿಲ್ಲ. ಅಂಟು ಹೆಚ್ಚು ಬಂದಷ್ಟೂ ಕೆತ್ತು ಅಗಲವಾಯಿತು. ಎರಡು ಗಾಯಗಳ ನಡುವೆ ತೊಗಟೆಯ ಎರಡು ಸಣ್ಣ ಪಟ್ಟಿಗಳು ಉಳಿದವು. ಆ ಮಳೆಗಾಲದಲ್ಲಿ ಮರ ಬೀಳಲಿಲ್ಲ, ಗುಡ್ಡಪ್ಪನ ಮಾತು ಮೇಲಾಯಿತು.

ಮೊನ್ನೆ ಮತ್ತೆ ಹೋಗಿದ್ದೆ. ಕಾಡಿನ ಅಂಚೆಲ್ಲ ಚಿಗುರಿ ನಿಂತಿದೆ. ಹಾಲ್ಮಡ್ಡಿ ಮಾತ್ರ ಬೋಳು. ಪಡುವಣದ ಹಸಿರೂ ಇಲ್ಲ. ಕೊಂಬೆಗಳ ಭಾರ ಮಾತ್ರ ಇದ್ದಲ್ಲೇ ಇದೆ, ಹೆಂಚಿನ ನೇರಕ್ಕೆ. ಕಬಿನಿಯ ಕಡೆ ಮೋಡ ಕಟ್ಟುತ್ತಿತ್ತು.

"ಎಲೆ ಉದುರ್ತು, ಭಾರ ಇಳೀತು ನೋಡು," ಎಂದಳು ಅತ್ತೆ. ಅಂದವಳು ನನ್ನ ಮುಖ ನೋಡಲಿಲ್ಲ.

ನಮ್ಮನೆಗೆ ಬಾ ಎಂದು ಮತ್ತೆ ಕರೆದೆ. ಬರಲಿಲ್ಲ. ಬಹಳ ಹೊತ್ತಿನ ಮೇಲೆ, ಮಂಚವನ್ನು ಅಡುಗೆಮನೆಯ ಮೂಲೆಗೆ, ಮಣ್ಣಿನ ಗೋಡೆ ದಪ್ಪಗಿರುವ ಕಡೆಗೆ ಎಳೆಯಲು ಒಪ್ಪಿದಳು. ಒಂದು ತುದಿ ನಾನು ಹಿಡಿದೆ, ಇನ್ನೊಂದು ಅವಳು. ಹೊಸಿಲು ದಾಟಿಸುವಾಗ ಹೆಂಚಿನ ಮೇಲೆ ಏನೋ ಬಿದ್ದು, ಉರುಳಿ, ಅಂಗಳಕ್ಕೆ ಬಂತು. ಇಬ್ಬರೂ ಮಂಚ ಹಿಡಿದೇ ನಿಂತೆವು.

"ಒಣಕಡ್ಡಿ ಕಣ್ಲಾ," ಎಂದಳು. "ಮರ ಅಲ್ಲ, ಇನ್ನೂ," ಎಂದು ಮಂಚವನ್ನು ಗೋಡೆಗೆ ಇನ್ನಷ್ಟು ಒತ್ತರಿಸಿದಳು.