ಬೋರ್ಡ್ ಮಾಮ

ಬೋರ್ಡ್ ಮಾಮನನ್ನು ನಾನು ಮೊದಲು ನೋಡಿದ್ದು ಕಾಲೇಜಿಗೆ ಸೇರಿದ ಮೂರನೆಯ ದಿನ, ವಿಶ್ವವಿದ್ಯಾಲಯದ ನೂರು ವರ್ಷ ಹಳೆಯ ಸಸ್ಯತೋಟದಲ್ಲಿ. ತಗಡಿನ ಫಲಕವನ್ನು ತೊಡೆಯ ಮೇಲಿಟ್ಟುಕೊಂಡು, ನಾಲಿಗೆ ಕಚ್ಚಿ, ಬಿಳಿ ಬಣ್ಣದಲ್ಲಿ ಮರವೊಂದರ ಲ್ಯಾಟಿನ್ ಹೆಸರು ಬರೆಯುತ್ತಿದ್ದರು. ಹಳ್ಳಿಯಿಂದ ಬಂದಿದ್ದ ನಾನು ಬೆರಗಿನಿಂದ ನೋಡುತ್ತ ಆ ಮರದ ಬೇರಿನ ಮೇಲೆಯೇ ನಿಂತುಬಿಟ್ಟಿದ್ದೆ. “ಕಾಲು ತೆಗಿಯಪ್ಪ, ಅವಳಿಗೆ ನಿನ್ನ ಮುತ್ತಜ್ಜಿ ವಯಸ್ಸು,” ಎಂದರು. ತೋಟದ ಮರಗಳೆಲ್ಲ ಅವರಿಗೆ ನೆಂಟರೇ: ಗಾಳಿ ಬಂದರೆ ಸುಮ್ಮನಿರದ ಬಿದಿರು ಬಾಯಿಬಡುಕ ಭಾವ, ವರ್ಷಕ್ಕೆ ನಾಲ್ಕೇ ಹೂ ಬಿಡುವ ಮರ ಜಿಪುಣ ದೊಡ್ಡಪ್ಪ. ಕಾಂಡಕ್ಕೆ ಒರಗಿ ಕೂತ ವಿದ್ಯಾರ್ಥಿಗಳನ್ನು “ಹಿರಿಯರಿಗೆ ಬೆನ್ನು ಹಾಕ್ತೀರಾ?” ಎಂದು ಗದರುತ್ತಿದ್ದರು. ಅವರ ಅಕ್ಷರ ಕಂಡು ಪ್ರೊಫೆಸರರಿಗೇ ಹೊಟ್ಟೆಕಿಚ್ಚು. ಒಮ್ಮೆ ಹೊಸ ಫಲಕದ ಹೆಸರಿನ ನಡುವೆ ಗೆರೆ ಎಳೆದು ಹೊಡೆದುಹಾಕಿದ ಅಕ್ಷರವೊಂದು ಕಂಡಿತು. ಪಕ್ಕದಲ್ಲಿದ್ದ ಚೀಟಿ ನೋಡಿದೆ. ಹೆಸರು ಬರೆದುಕೊಡುವಾಗ ಪ್ರೊಫೆಸರರು ತಪ್ಪಿ ಬರೆದು ಹೊಡೆದುಹಾಕಿದ್ದನ್ನು ಮಾಮ ಗೆರೆಸಮೇತ ಚೆಂದವಾಗಿ ಇಳಿಸಿದ್ದರು. “ಗೊತ್ತಾಯ್ತಾ?” ಎಂದರು ಮೆಲ್ಲಗೆ. “ನಂಗೆ ಓದಕ್ಕೆ ಬರಲ್ಲ. ಚಿತ್ರ ಬರೆದ ಹಾಗೆ ಬರೀತೀನಿ. ಆಫೀಸಲ್ಲಿ ತಿಳಿದ್ರೆ ಬ್ರಷ್ ಕಿತ್ಕೋತಾರೆ ಕಣಪ್ಪ.” ನನ್ನ ಅಪ್ಪನೂ ಹೆಬ್ಬೆಟ್ಟೇ. “ಮೊದಲು ಇದನ್ನ ಅಳಿಸೋಣ ಮಾಮ, ನಾಳೆಯಿಂದ ಅ ಆ ಶುರು ಮಾಡೋಣ,” ಎಂದೆ. ಮೂರು ವರ್ಷ, ಊಟದ ಬಿಡುವಿನಲ್ಲಿ, ಗಾಜಿನ ಮನೆಯ ಹಿಂದೆ ಯಾರಿಗೂ ಕಾಣದಂತೆ ನಮ್ಮ ಪಾಠ ನಡೆಯಿತು. ಅವರ ಬ್ರಷ್ ಅವರ ಕೈಯಲ್ಲೇ ಉಳಿಯಿತು. ಈಗ ಅವರು ನಿವೃತ್ತರಾಗಿ ಮಗಳ ಮನೆಯಲ್ಲಿದ್ದಾರೆ. ದಿನಾ ಸಂಜೆ ಮೊಮ್ಮಗಳ ಎರಡನೇ ತರಗತಿಯ ಪುಸ್ತಕವನ್ನು ಬೆರಳಿಟ್ಟು, ಜೋರಾಗಿ ಓದುತ್ತಾರೆ.