ಸಿ.ಡಿ.ಗೆ ಹಚ್ಚಿದ ಗಂಧ

ತೀರಿಹೋದ ಅಮ್ಮ ಹಾಡಿದ್ದ ಸೋಬಾನೆ ಪದಗಳ ಕ್ಯಾಸೆಟ್ ಸವೆಯುತ್ತಿತ್ತು. ನಂಜನಗೂಡಿನ ಸ್ಟುಡಿಯೋದವನು ಅದನ್ನು ಸಿ.ಡಿ.ಗೆ ಹಾಕಿಕೊಟ್ಟು, "ಹೊಳೆಯೋ ಕಡೆ ಗೀಚಬ್ಯಾಡಿ, ಅಷ್ಟೇ ಕಣಕ್ಕಾ. ನೂರು ವರ್ಸ ಇರ್ತದೆ," ಎಂದ. ಕ್ಯಾಸೆಟ್ಟನ್ನು ನನ್ನನ್ನು ಕೇಳದೆಯೇ ಎಸೆದುಬಿಟ್ಟಿದ್ದ.

ಆಯುಧಪೂಜೆಗೆ ಸಿ.ಡಿ.ಯ ಹೆಸರು ಬರೆದಿದ್ದ ಬದಿಗೆ ಗಂಧ ಹಚ್ಚಿದೆ. ಮರುದಿನ ಒಣಗಿದ್ದನ್ನು ಉಗುರಿನಿಂದ ಕೆರೆದರೆ ಬೆಳ್ಳಿ ಬಣ್ಣವೂ ಚಕ್ಕೆಯಾಗಿ ಎದ್ದುಬಂತು. ಆಮೇಲೆ ಹಾಡು ಹೊರಡಲೇ ಇಲ್ಲ.

ಅಂಗಡಿಗೆ ಒಯ್ದು ತೋರಿಸಿದರೆ ಅವನು ನಕ್ಕ. "ಹಾಡನ್ನ ಲೇಸರ್ ಬರ್ದಿರೋದು ಆ ಬಣ್ಣದ ಕೆಳಗೇ ಕಣಕ್ಕಾ. ಮುಂದೆ ಸಿ.ಡಿ. ಬದ್ಲು ಗಾಜಿನ ಬಿಲ್ಲೆ ಒಳಗೇ ಅಂತಸ್ತು ಅಂತಸ್ತಾಗಿ ಬರೀತಾರಂತೆ. ಆಗ ಕೆರೆದ್ರೂ ಏನೂ ಆಗಲ್ಲ."

ಮೆಲ್ಲಗೆ ಮಾತಾಡಬೇಕೆಂದು ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರು. ಅಂದು ಇಡೀ ಬೀದಿಗೆ ಕೇಳುವಂತೆ ಕೂಗಿದೆ: "ಇದನ್ನ ಅವತ್ತೇ ಯಾಕಯ್ಯಾ ಹೇಳಲಿಲ್ಲ? ಮುಂದೆ ಅದು ಬಂದಾಗ ಹಾಡೋಕೆ ನಮ್ಮಮ್ಮ ಎಲ್ಲಿಂದ ಬರ್ತಾಳೆ?"