ಅವ್ವನ ಸೆರಗಿನ ಬೆಲ್ಲ

ಸಕ್ಕರೆ ಕಾಯಿಲೆಯಿಂದ ಅವ್ವನ ಕಾಲಿನ ಎರಡು ಬೆರಳು ತೆಗೆಸಿದ ವರ್ಷ ನಾನು ಮುದ್ದೆ, ಅನ್ನ ಎರಡನ್ನೂ ಬಿಟ್ಟೆ. ಇವತ್ತಲ್ಲ ನಾಳೆ ಅದು ನನಗೂ ಬರುತ್ತದೆ ಎಂಬ ಭಯ. ಮೊದಲೇ ಓಟದ ಹುಚ್ಚು. ಭಾನುವಾರ ಬಂದರೆ ನಂಜನಗೂಡಿನಿಂದ ಹುಲ್ಲಹಳ್ಳಿ ಕಡೆಗೆ ನಾಲೆ ಏರಿಯ ಮೇಲೆ ಇಪ್ಪತ್ತು ಕಿಲೋಮೀಟರ್ ಓಡುತ್ತಿದ್ದೆ. ತಿನ್ನುತ್ತಿದ್ದದ್ದು ಮೊಟ್ಟೆ, ಸೊಪ್ಪು, ಕಡಲೆಕಾಯಿ.

"ಗದ್ದೆ ಬಯಲಲ್ಲಿ ಉಟ್ಟಿ ಅನ್ನಕ್ಕೆ ಎದರ್ಕೊಂಡೋಳು ನೀನೊಬ್ಳೇ ಕಣವ್ವ," ಎಂದು ಅವ್ವ ರೇಗಿಸುತ್ತಿದ್ದಳು. ನಾನು ಸಿಡುಕುತ್ತಿದ್ದೆ. ಅವಳ ಕಾಲು ನೋಡಿಯೇ ಹೆದರಿದ್ದೇನೆಂದು ಅವಳಿಗೆ ಹೇಗೆ ಹೇಳಲಿ?

ಒಂದು ಬೆಳಿಗ್ಗೆ ಓಡಿಕೊಂಡು ವಾಪಸು ಬರುವಾಗ, ಆಲೆಮನೆಯೊಂದರ ಹತ್ತಿರ ಕಾಲು ಸೋತು ಕುಸಿದು ಕೂತೆ. ತಣ್ಣನೆ ಬೆವರು, ಕೈ ನಡುಕ, ಕಣ್ಣು ಮಂಜು. ಟಿ. ನರಸೀಪುರದ ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ನನಗೆ ಆಗ ಹೊಳೆದದ್ದು ಒಂದೇ: ಕಾಯಿಲೆ ಬಂದೇಬಿಟ್ಟಿತು. ಬೆಲ್ಲ ಕಾಯಿಸುತ್ತಿದ್ದವನು ಓಡಿ ಬಂದು ಬೆಚ್ಚಗಿನ ಒಂದು ಚೂರು ಚಾಚಿದ.

"ಬಾಯಿಗಾಕಳಿ ಅಕ್ಕಾ, ಸುಸ್ತಾಗದೆ."

ವಿಷ ಕಂಡವಳ ಹಾಗೆ ಮುಖ ತಿರುಗಿಸಿದೆ. ಮೊಬೈಲ್ ಅವನ ಕೈಗೆ ಕೊಟ್ಟು ಅವ್ವನಿಗೆ ಫೋನ್ ಮಾಡಿಸಿದೆ.

ಅವ್ವ ಆಟೋದಲ್ಲಿ ಬಂದಳು. ನನ್ನ ಕೈ ಮುಟ್ಟಿ ನೋಡಿದವಳೇ ಸೆರಗಿನ ಗಂಟು ಬಿಚ್ಚಿ, ಅದರಲ್ಲಿದ್ದ ಬೆಲ್ಲವನ್ನು ನನ್ನ ಬಾಯಿಗೆ ತುರುಕಿದಳು.

"ನುಂಗು. ಕಾಯ್ಲೆ ಬಂದಿರದಲ್ಲ ಇದು, ಒಟ್ಟೆಗಿಲ್ದೆ ಸಕ್ರೆ ಇಳ್ದದೆ. ನಂಗೂ ಒಂದೊಂದ್ಸಲ ಇಂಗೇ ಆಯ್ತದೆ. ಅದ್ಕೇ ಗಂಟು ಕಟ್ಕೊಂಡಿರದು."

ಸ್ವಲ್ಪ ಹೊತ್ತಿಗೆ ನಡುಕ ನಿಂತಿತು. ಆಲೆಮನೆಯವನ ಮುಖ ನೋಡಲು ನಾಚಿಕೆಯಾಗಿ ತಲೆ ತಗ್ಗಿಸಿಕೊಂಡು ಆಟೋ ಹತ್ತಿದೆ.

ಒಂದಿಷ್ಟು ದೂರ ಹೋಗಿದ್ದೆವು. ನನ್ನ ತೊಡೆಯ ಮೇಲಿದ್ದ ಅವ್ವನ ಕೈ ನಡುಗತೊಡಗಿತು. ಹಣೆ ತುಂಬ ಬೆವರು.

"ತಿಂಡಿ ತಿಂದ್ಯಾ ಅವ್ವಾ?"

"ಎಲ್ಲಿ ತಿನ್ನದು... ಸೂಜಿ ಚುಚ್ಕೊಂಡೆ... ಅಷ್ಟೊತ್ಗೆ ಫೋನು..." ಮಾತು ತೊದಲುತ್ತಿತ್ತು. ಇನ್ಸುಲಿನ್ ತೆಗೆದುಕೊಂಡು, ತಿಂಡಿಯ ತಟ್ಟೆ ಬಿಟ್ಟು ಎದ್ದು ಬಂದಿದ್ದಳು. ಸೆರಗು ತಡಕಿದೆ. ಅದರಲ್ಲಿದ್ದ ಬೆಲ್ಲವನ್ನೆಲ್ಲ ನಾನೇ ತಿಂದಿದ್ದೆ.

ಅಷ್ಟು ಭಯ ನನ್ನ ಜನ್ಮದಲ್ಲಿ ಪಟ್ಟಿರಲಿಲ್ಲ. ಏರಿಯ ಮೇಲೆ ಆಟೋ ತಿರುಗಿಸಲು ಜಾಗವಿರಲಿಲ್ಲ. ಇಳಿದು ಹಿಂದಕ್ಕೆ ಓಡಿದೆ. ಅವ್ವ ಕಣ್ಣು ಮುಚ್ಚಿಬಿಟ್ಟರೆ ಎಂಬುದೊಂದೇ ತಲೆಯಲ್ಲಿ. ಆಗತಾನೇ ಬೇಡವೆಂದು ಮುಖ ತಿರುಗಿಸಿದವನ ಮುಂದೆಯೇ ಎರಡೂ ಕೈ ಒಡ್ಡಿದೆ.

"ಬೆಲ್ಲ ಕೊಡಣ್ಣಾ. ನಮ್ಮವ್ವನಿಗೆ."

ಅವನು ಬೊಗಸೆ ತುಂಬ ಕೊಟ್ಟ.

ಆಟೋಗೆ ಓಡಿ ಬಂದು ತಿನ್ನಿಸಿದ ಮೇಲೆ ಅವ್ವ ಚೇತರಿಸಿಕೊಂಡು, ಉಳಿದದ್ದನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡಳು. ಕಟ್ಟುವ ಮೊದಲು ಒಂದು ಚೂರು ಮುರಿದು ನನ್ನ ಪ್ಯಾಂಟಿನ ಜೇಬಿಗೆ ಹಾಕಿದಳು. ನಾನು ಬೇಡವೆನ್ನಲಿಲ್ಲ.